ಸ್ವಿಚ್ಚು ಮತ್ತು ಸಾಕೆಟ್ಟು: ರಚನೆಯಲ್ಲಿ ಆದ ಸುಧಾರಣೆಗಳು

ವಿದ್ಯುಚ್ಛಕ್ತಿಯ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಜಲಪಾತ, ಉತ್ಪಾದನಾ ಯಂತ್ರ, ಉಕ್ಕಿನ ಗೋಪುರ, ದೀಪ ಇವುಗಳ ವಿಷಯವನ್ನೇ ವಿಸ್ತಾರವಾಗಿ ಹೇಳುತ್ತಾರೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿದುದೂ, 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದುದೂ ನಾಡಿನ ಮಕ್ಕಳು ಓದಿ ತಿಳಿದ ಸಂಗತಿಗಳೇ. ಆದರೆ ಅಷ್ಟು ದೂರದಿಂದ ಬಂದ ಶಕ್ತಿಯು ಕೊನೆಗೆ ಮನುಷ್ಯನ ಕೈಗೆ ಸಿಕ್ಕುವ ಸ್ಥಳ ಯಾವುದು? ಗೋಡೆಯ ಮೇಲಿನ ಒಂದು ಸ್ವಿಚ್ಚು, ಅದರ ಪಕ್ಕದಲ್ಲಿ ಮೂರು ರಂಧ್ರಗಳ ಒಂದು ಸಾಕೆಟ್ಟು. ಸಹಸ್ರಾರು ವೋಲ್ಟುಗಳ ತಂತಿಯ ಬಳಿಗೆ ತರಬೇತಿ ಹೊಂದಿದವರು ಮಾತ್ರ ಹೋಗುತ್ತಾರೆ. ಸ್ವಿಚ್ಚನ್ನಾದರೋ ವೃದ್ಧರು, ಕೂಸುಗಳು, ಒದ್ದೆಕೈಯ ಗೃಹಿಣಿಯರು, ಅವಸರದ ವಿದ್ಯಾರ್ಥಿಗಳು ಎಲ್ಲರೂ ಮುಟ್ಟುತ್ತಾರೆ. ಆದುದರಿಂದಲೇ ಈ ಸಣ್ಣ ಸಾಧನಗಳ ರಚನೆಯಲ್ಲಿ ಕಳೆದ ನೂರನಲವತ್ತು ವರ್ಷಗಳಿಂದ ಆಗಿರುವ ಸುಧಾರಣೆಗಳು ಬಹುಮಟ್ಟಿಗೆ ಒಂದೇ ದಿಕ್ಕಿನಲ್ಲಿ ಸಾಗಿವೆ. ಬಳಸುವವನು ವಹಿಸಬೇಕಾದ ಎಚ್ಚರಿಕೆಯನ್ನು ವಸ್ತುವೇ ವಹಿಸುವಂತೆ ಮಾಡುವುದೇ ಆ ದಿಕ್ಕು.

ಮೊದಲು ಸ್ವಿಚ್ಚಿನ ವಿಚಾರ. ತಂತಿಯ ಎರಡು ತುದಿಗಳನ್ನು ಬೇಕಾದಾಗ ಕೂಡಿಸಿ ಬೇಡವಾದಾಗ ಅಗಲಿಸುವುದಷ್ಟೆ ಅದರ ಕೆಲಸ. ಕೂಡಿಸುವುದು ಸುಲಭ, ಅಗಲಿಸುವುದರಲ್ಲಿಯೇ ತೊಡಕು. ವಿದ್ಯುತ್ತು ಹರಿಯುತ್ತಿರುವಾಗ ಲೋಹದ ಎರಡು ತುಂಡುಗಳನ್ನು ಬೇರ್ಪಡಿಸಿದರೆ ಹರಿವು ಒಮ್ಮೆಲೇ ನಿಲ್ಲುವುದಿಲ್ಲ. ನಡುವಣ ಗಾಳಿಯು ಕಾದು ತಾನೇ ವಾಹಕವಾಗಿ, ಉರಿಯುವ ಕಿಡಿಯ ಸೇತುವೆಯೊಂದು ಏರ್ಪಡುತ್ತದೆ. ಇದನ್ನು ವಿದ್ಯುತ್ ಚಾಪವೆನ್ನುವರು. ಅದರ ಉಷ್ಣತೆ ಸಾವಿರಾರು ಡಿಗ್ರಿಗಳಷ್ಟು. ತಾಮ್ರವಾಗಲಿ ಹಿತ್ತಾಳೆಯಾಗಲಿ ಅದರ ಮುಂದೆ ಕರಗಿಹೋಗುತ್ತದೆ. ಆರಂಭಕಾಲದ ಸ್ವಿಚ್ಚುಗಳಲ್ಲಿ ತುದಿಗಳು ಬೇರ್ಪಡುವ ವೇಗವು ತಿರುಗಿಸುವವನ ಕೈಯ ವೇಗವನ್ನೇ ಅವಲಂಬಿಸಿತ್ತು. ಅಂಜುತ್ತ ಮೆಲ್ಲಗೆ ತಿರುಗಿಸಿದರೆ ಚಾಪವು ಅಷ್ಟು ಹೊತ್ತೂ ಉರಿದು ತುದಿಗಳು ಸುಡುತ್ತಿದ್ದವು; ಹಿಂದಿನ ಮರದ ಹಲಗೆಗೂ ಬೆಂಕಿ ತಗಲುವ ಸಂಭವವಿತ್ತು.

ಇದಕ್ಕೆ ಪರಿಹಾರ ಕಂಡುಹಿಡಿದವನು ಇಂಗ್ಲೆಂಡಿನ ನ್ಯೂಕಾಸಲ್ ನಗರದ ಜಾನ್ ಹೆನ್ರಿ ಹೋಮ್ಸ್. 1884ರಲ್ಲಿ ಅವನು ರಚಿಸಿದ ಸ್ವಿಚ್ಚಿನಲ್ಲಿ ಕೈಗೂ ಲೋಹದ ತುದಿಗೂ ನಡುವೆ ಒಂದು ಸ್ಪ್ರಿಂಗು ಇತ್ತು. ಬೆರಳಿನ ಒತ್ತಡವು ಮೊದಲು ಸ್ಪ್ರಿಂಗಿನಲ್ಲಿ ಕೂಡಿಕೊಳ್ಳುತ್ತದೆ. ಒಂದು ಮಿತಿಯನ್ನು ದಾಟಿದೊಡನೆ ಸ್ಪ್ರಿಂಗು ತಾನೇ ಚಿಮ್ಮಿ ತುದಿಗಳನ್ನು ಫಕ್ಕನೆ ಅಗಲಿಸುತ್ತದೆ. ಒತ್ತಿದ ಕೈ ಬಾಲಕನದಾಗಲಿ ಪೈಲ್ವಾನನದಾಗಲಿ, ಅಗಲುವ ವೇಗ ಒಂದೇ. ಚಾಪಕ್ಕೆ ನೆಲೆಗೊಳ್ಳಲು ಅವಕಾಶವೇ ಸಿಕ್ಕುವುದಿಲ್ಲ. ಸ್ವಿಚ್ಚು ಹಾಕಿದಾಗ ಕೇಳಿಬರುವ ‘ಟಕ್’ ಎಂಬ ಸದ್ದು ಆ ಸ್ಪ್ರಿಂಗಿನದೇ.

ಅಂದಿನ ಮನೆಗಳಲ್ಲಿ ಬಹುಮಟ್ಟಿಗೆ ಇದ್ದುದು ಒಂದೇ ಕಡೆಗೆ ಹರಿಯುವ ನೇರ ವಿದ್ಯುತ್ತು. ಮುಂದೆ ಪರ್ಯಾಯ ವಿದ್ಯುತ್ತು ಬಳಕೆಗೆ ಬಂದ ಮೇಲೆ ಸ್ವಿಚ್ಚಿಗೆ ನಿಸರ್ಗದ ಸಹಾಯವೂ ದೊರೆಯಿತು. ನಮ್ಮ ದೇಶದ 50 ಆವರ್ತಗಳ ವಿದ್ಯುತ್ತು ಸೆಕೆಂಡಿಗೆ 100 ಬಾರಿ ಸೊನ್ನೆಗೆ ಇಳಿಯುತ್ತದೆ. ಹಾಗೆ ಇಳಿದಾಗ ಚಾಪವು ತಾನಾಗಿ ಆರಿಹೋಗುತ್ತದೆ. ಇದರಿಂದಾಗಿ ಸ್ವಿಚ್ಚುಗಳು ಚಿಕ್ಕವಾದವು, ಸದ್ದೂ ತಗ್ಗಿತು. ನೇರ ವಿದ್ಯುತ್ತಿಗೆ ಈ ವಿರಾಮವಿಲ್ಲ. ಸೌರಫಲಕದ ನೇರ ವಿದ್ಯುತ್ತಿನ ತಂತಿಗೆ ಮನೆಯ ಸಾಧಾರಣ ಸ್ವಿಚ್ಚನ್ನು ಹಾಕಬಾರದೆನ್ನುವುದು ಇದೇ ಕಾರಣಕ್ಕೆ.

ಸ್ವಿಚ್ಚಿನ ಮೈಯೂ ಬದಲಾಗುತ್ತ ಬಂದಿತು. ಮೊದಲಿಗೆ ಪಿಂಗಾಣಿಯ ತಳ, ಅದರ ಮೇಲೆ ಹೊಳೆಯುವ ಹಿತ್ತಾಳೆಯ ಮುಚ್ಚಳ. ನೋಡಲು ಅಂದವೇ, ಆದರೆ ಒಳಗಿನ ತಂತಿಯೊಂದು ಸಡಿಲಿ ತಗುಲಿದರೆ ಮುಚ್ಚಳವೇ ಆಘಾತ ಕೊಡುವ ವಸ್ತುವಾಗುತ್ತಿತ್ತು. 1907ರಲ್ಲಿ ಲಿಯೋ ಬೇಕಲೆಂಡ್ ಕಂಡುಹಿಡಿದ ಬೇಕಲೈಟ್ ಈ ಭಯವನ್ನು ನಿವಾರಿಸಿತು. ಅದು ಉತ್ತಮ ಅವಾಹಕ, ಕಾವಿಗೆ ಕರಗುವುದಿಲ್ಲ. ತೇಗದ ಹಲಗೆಯ ಮೇಲೆ ಕುಳಿತ ಗುಂಡನೆಯ ಕಪ್ಪು ಬೇಕಲೈಟ್ ಸ್ವಿಚ್ಚುಗಳನ್ನು ಹಳೆಯ ವಿದ್ಯಾರ್ಥಿಗಳಲ್ಲಿ ಹಿರಿಯರಾದವರು ಮರೆತಿರಲಾರರು. ಬೇಕಲೈಟಿನ ದೋಷವೆಂದರೆ ಪೆಟ್ಟು ಬಿದ್ದರೆ ಬಿರುಕು ಬಿಡುವುದು. ಅದನ್ನು ಕಪ್ಪು, ಕಂದುಗಳಂತಹ ಗಾಢ ಬಣ್ಣಗಳಲ್ಲಿ ಮಾತ್ರ ಮಾಡಬಹುದಾಗಿತ್ತು. ಯೂರಿಯಾ ರಾಳವು ಬಿಳಿಯ ಬಣ್ಣವನ್ನು ತಂದಿತು. ಈಚಿನ ಪಾಲಿಕಾರ್ಬನೇಟ್ ಸುಲಭವಾಗಿ ಒಡೆಯುವುದಿಲ್ಲ. ವಿದ್ಯಾರ್ಥಿನಿಲಯಗಳಲ್ಲಿ ಒಡೆದ ಮುಚ್ಚಳದೊಳಗಿಂದ ಹಿತ್ತಾಳೆ ಇಣುಕುವುದನ್ನು ಕಂಡವರಿಗೆ ಈ ಗುಣದ ಬೆಲೆ ಗೊತ್ತು.

ಸ್ವಿಚ್ಚನ್ನು ಕೆಳಕ್ಕೆ ಒತ್ತಿದರೆ ದೀಪ ಹತ್ತುವುದು ಭಾರತ ಮತ್ತು ಬ್ರಿಟನ್ನುಗಳ ರೂಢಿ. ಅಮೇರಿಕದಲ್ಲಿ ಮೇಲಕ್ಕೆ. ಅಲ್ಲಿಗೆ ಹೋದವರು ಕೆಲವು ದಿನ ತಡವರಿಸುತ್ತಾರೆ, ಅಷ್ಟೆ, ಅದರಿಂದ ಅಪಾಯವೇನಿಲ್ಲ. ಸ್ವಿಚ್ಚನ್ನು ಯಾವ ತಂತಿಯಲ್ಲಿ ಕೂಡಿಸಬೇಕೆಂಬುದು ಮಾತ್ರ ಪ್ರಾಣದ ಪ್ರಶ್ನೆ. ಫೇಸ್ ತಂತಿಯನ್ನು ಬಿಟ್ಟು ನ್ಯೂಟ್ರಲ್ ತಂತಿಯಲ್ಲಿ ಸ್ವಿಚ್ಚನ್ನು ಹಾಕಿದರೂ ದೀಪವು ಸರಿಯಾಗಿಯೇ ಹತ್ತಿ ಆರುತ್ತದೆ. ಆದರೆ ದೀಪ ಆರಿದಾಗಲೂ ಹೋಲ್ಡರಿನಲ್ಲಿ 230 ವೋಲ್ಟು ಕಾದು ಕುಳಿತಿರುತ್ತದೆ. ಸ್ವಿಚ್ಚು ಆರಿಸಿದ್ದೇನೆಂಬ ಧೈರ್ಯದಿಂದ ಬಲ್ಬು ಬದಲಾಯಿಸಲು ಕೈಯಿಟ್ಟವನಿಗೆ ಅದು ತಿಳಿಯುವ ಬಗೆಯೇ ಬೇರೆ. ಎಷ್ಟು ಉತ್ತಮ ಸ್ವಿಚ್ಚನ್ನು ತಂದರೂ ವೈರ್‌ಮನ್ನನ ಈ ತಪ್ಪನ್ನು ಅದು ತಿದ್ದಲಾರದು.

ಸಾಕೆಟ್ಟಿನ ಕಥೆ ಸ್ವಿಚ್ಚಿಗಿಂತ ತಡವಾಗಿ ಆರಂಭವಾಯಿತು. ಮೊದಮೊದಲು ಮನೆಗೆ ವಿದ್ಯುತ್ತು ಬಂದುದು ದೀಪಕ್ಕಾಗಿ ಮಾತ್ರ. ಇಸ್ತ್ರಿಪೆಟ್ಟಿಗೆಯೋ ಪಂಖವೋ ಬಂದರೆ ಬಲ್ಬನ್ನು ಬಿಚ್ಚಿ, ಅದೇ ಹೋಲ್ಡರಿಗೆ ಅದರ ತಂತಿಯನ್ನು ಕೂಡಿಸಬೇಕಾಗಿತ್ತು. ಅಮೇರಿಕದ ಹಾರ್ವೆ ಹಬೆಲ್ 1904ರಲ್ಲಿ ಬೇರ್ಪಡಿಸಬಹುದಾದ ಪ್ಲಗ್ಗಿಗೆ ಪೇಟೆಂಟ್ ಪಡೆದನು. ಅದರ ಒಂದು ಭಾಗ ಬಲ್ಬಿನ ಹೋಲ್ಡರಿನಲ್ಲಿಯೇ ನಿಲ್ಲುತ್ತಿತ್ತು; ಇನ್ನೊಂದನ್ನು ಎಳೆದು ತೆಗೆಯಬಹುದಾಗಿತ್ತು. ನಮ್ಮ ಮನೆಗಳಲ್ಲಿಯೂ ಬಹುಕಾಲ ಹೋಲ್ಡರಿಗೆ ಅಡಾಪ್ಟರ್ ಸಿಕ್ಕಿಸಿ ರೇಡಿಯೋ, ಇಸ್ತ್ರಿಪೆಟ್ಟಿಗೆಗಳನ್ನು ನಡೆಸುತ್ತಿದ್ದರು. ಬಲ್ಬಿನ ಹೋಲ್ಡರಿನಲ್ಲಿ ಎರಡೇ ತಂತಿಗಳಿರುತ್ತವೆ, ಮೂರನೆಯದಿಲ್ಲ. ಇಸ್ತ್ರಿಪೆಟ್ಟಿಗೆಗೆ ಅತ್ಯಗತ್ಯವಾದುದು ಆ ಮೂರನೆಯದೇ.

ಇಸ್ತ್ರಿಪೆಟ್ಟಿಗೆಯ ಒಳಗಿನ ಫೇಸ್ ತಂತಿಯ ಹೊದಿಕೆ ಸವೆದು ಲೋಹದ ಮೈಗೆ ತಗುಲಿತೆಂದು ಭಾವಿಸೋಣ. ಮೂರನೆಯ ತಂತಿ ಇಲ್ಲದಿದ್ದರೆ ಪೆಟ್ಟಿಗೆ ಎಂದಿನಂತೆಯೇ ಕಾಯುತ್ತದೆ, ಏನೂ ಗೊತ್ತಾಗುವುದಿಲ್ಲ. ಮುಟ್ಟಿದವನ ದೇಹವೇ ಭೂಮಿಗೆ ದಾರಿಯಾಗುತ್ತದೆ. ಮೂರನೆಯ ತಂತಿಯು ಲೋಹದ ಮೈಯನ್ನು ಭೂಮಿಗೆ ಕೂಡಿಸಿದ್ದರೆ ಆ ಕ್ಷಣದಲ್ಲಿಯೇ ಭಾರೀ ಪ್ರವಾಹ ನುಗ್ಗಿ ಫ್ಯೂಸು ಸುಟ್ಟು ಮಾರ್ಗ ಕಡಿದುಹೋಗುತ್ತದೆ. ಬ್ರಿಟನ್ನಿನಲ್ಲಿ 1934ರಲ್ಲಿ ಪ್ರಕಟವಾದ ಬಿ.ಎಸ್. 546 ಎಂಬ ಮಾನಕದ ದುಂಡುಪಿನ್ನುಗಳೇ ನಮ್ಮ ಭಾರತೀಯ ಮಾನಕ 1293ಕ್ಕೆ ಮೂಲ. ಅದರಲ್ಲಿ ಭೂಮಿಯ ಪಿನ್ನು ಉಳಿದೆರಡಕ್ಕಿಂತ ದಪ್ಪ ಮತ್ತು ಉದ್ದ. ದಪ್ಪವಾದುದರಿಂದ ಅದು ಬೇರೆ ರಂಧ್ರಕ್ಕೆ ಹೋಗಲಾರದು. ಉದ್ದವಾದುದರಿಂದ ಪ್ಲಗ್ಗನ್ನು ತೂರಿಸುವಾಗ ಎಲ್ಲಕ್ಕಿಂತ ಮೊದಲು ಕೂಡಿ, ಕೀಳುವಾಗ ಎಲ್ಲಕ್ಕಿಂತ ಕೊನೆಗೆ ಬಿಡುತ್ತದೆ. ಒಳ್ಳೆಯ ವೈರ್‌ಮನ್ನನು ಪ್ಲಗ್ಗಿನ ಒಳಗೆ ಭೂತಂತಿಯನ್ನು ತುಸು ಉದ್ದವಾಗಿ ಬಿಡುವುದೂ ಇದೇ ವಿವೇಕದಿಂದ. ಯಾರಾದರೂ ತಂತಿ ಹಿಡಿದು ಜಗ್ಗಿದರೆ ಕೊನೆಗೆ ಕಳಚುವುದು ಅದೇ ಆಗಿರಬೇಕು.

ಎರಡನೆಯ ಮಹಾಯುದ್ಧದ ನಡುವೆಯೇ ಬ್ರಿಟನ್ನು ಯುದ್ಧಾನಂತರ ಕಟ್ಟಬೇಕಾದ ಮನೆಗಳಿಗಾಗಿ ಹೊಸ ಸಾಕೆಟ್ಟನ್ನು ಯೋಚಿಸಿತು. ಅದಕ್ಕಾಗಿ ನೇಮಕವಾದ 20 ಜನರ ಸಮಿತಿಯಲ್ಲಿ ಇದ್ದ ಮಹಿಳೆ ಒಬ್ಬರೇ, ಕ್ಯಾರೊಲಿನ್ ಹ್ಯಾಸ್ಲೆಟ್. ಗೃಹಿಣಿಯರಲ್ಲಿ ವಿದ್ಯುತ್ತಿನ ತಿಳಿವಳಿಕೆ ಹರಡಲು ಶ್ರಮಿಸಿದ ಆ ಇಂಜಿನಿಯರು ಮನೆಯೊಳಗಿನ ಸುರಕ್ಷತೆಯನ್ನು ಬಲ್ಲವರು. ಸಮಿತಿಯ ವರದಿ 1944ರಲ್ಲಿ ಹೊರಬಂದಿತು. ಮಕ್ಕಳ ಸುರಕ್ಷತೆಗಾಗಿ ರಂಧ್ರಗಳಿಗೆ ಮುಚ್ಚಳಿಕೆ ಇರಬೇಕೆಂಬುದು ಅದರಲ್ಲಿ ಮುಖ್ಯವಾಗಿತ್ತು. 1947ರ ಬಿ.ಎಸ್. 1363 ಮಾನಕದಲ್ಲಿ ಅದು ಹೀಗೆ ರೂಪುಗೊಂಡಿತು: ಉದ್ದವಾದ ಭೂಪಿನ್ನು ಒಳಹೊಕ್ಕಾಗ ಮಾತ್ರ ಕೆಳಗಿನ ಎರಡು ರಂಧ್ರಗಳ ತೆರೆ ಸರಿಯುತ್ತದೆ. ಮಗು ಮೊಳೆಯನ್ನೋ ಹೇರ್‌ಪಿನ್ನನ್ನೋ ಆ ರಂಧ್ರಗಳಿಗೆ ತೂರಿಸಹೋದರೆ ತೆರೆ ಅಡ್ಡಬರುತ್ತದೆ. ತಾಮ್ರದ ಅಭಾವದಿಂದಾಗಿ ಹಲವು ಸಾಕೆಟ್ಟುಗಳನ್ನು ಒಂದೇ ಬಳೆಯಾಕಾರದ ತಂತಿಗೆ ಕೂಡಿಸಬೇಕಾಗಿ ಬಂದುದರಿಂದ ಪ್ರತಿ ಪ್ಲಗ್ಗಿನೊಳಗೂ ಒಂದು ಫ್ಯೂಸನ್ನು ಇಟ್ಟರು. 1984ರ ಪರಿಷ್ಕರಣೆಯಲ್ಲಿ ಪಿನ್ನುಗಳ ಬುಡಕ್ಕೂ ಅವಾಹಕದ ಹೊದಿಕೆ ಬಂದಿತು. ಅರ್ಧ ಹೊರಬಂದ ಪ್ಲಗ್ಗಿನ ಸಂದಿಯಲ್ಲಿ ಎಳೆಯ ಬೆರಳು ತೂರಿದರೂ ಅದು ಲೋಹವನ್ನು ಮುಟ್ಟುವುದಿಲ್ಲ.

ಬ್ರಿಟನ್ನು ಚಪ್ಪಟೆ ಪಿನ್ನಿಗೆ ಹೋದ ವರ್ಷವೇ ಸ್ವತಂತ್ರವಾದ ಭಾರತವು ದುಂಡುಪಿನ್ನನ್ನೇ ಉಳಿಸಿಕೊಂಡಿತು. ಅದರಲ್ಲಿ ತಪ್ಪೇನಿಲ್ಲ. 5 ಮತ್ತು 15 ಆಂಪಿಯರಿನ, ಇಂದಿನ ಲೆಕ್ಕದಲ್ಲಿ 6 ಮತ್ತು 16 ಆಂಪಿಯರಿನ ಸಾಕೆಟ್ಟುಗಳು ಗಟ್ಟಿಮುಟ್ಟಾದವೇ. ತೆರೆಯುಳ್ಳ ಸಾಕೆಟ್ಟುಗಳು ಇಲ್ಲಿಯೂ ದೊರೆಯುತ್ತವೆ. ವಿಷಾದದ ಸಂಗತಿಯೆಂದರೆ ಆ ತೆರೆಯನ್ನು ಸೋಲಿಸುವ ಉಪಾಯಗಳೂ ಅಷ್ಟೇ ಪ್ರಚಾರದಲ್ಲಿವೆ. ಎರಡು ಪಿನ್ನಿನ ಪ್ಲಗ್ಗು ಹೋಗಲಿಲ್ಲವೆಂದು ಮೇಲಿನ ರಂಧ್ರಕ್ಕೆ ಪೆನ್ನನ್ನು ಚುಚ್ಚಿ ತೆರೆ ಸರಿಸುವುದು, ಪ್ಲಗ್ಗೇ ಇಲ್ಲದೆ ಬರಿಯ ತಂತಿಗಳನ್ನು ಬೆಂಕಿಕಡ್ಡಿಯಿಂದ ಒತ್ತಿ ನಿಲ್ಲಿಸುವುದು ಕಾಣದ ಊರಿಲ್ಲ.

ಸಡಿಲವಾದ ಸಂಪರ್ಕವೂ ಅಷ್ಟೇ ಅಪಾಯಕರ. ಹಳೆಯ ಸಾಕೆಟ್ಟಿನ ಹಿತ್ತಾಳೆಯ ಹಿಡಿತ ಸಡಿಲಿ ಅಲ್ಲಿ ಒಂದು ಓಮಿನ ಹತ್ತನೆಯ ಒಂದು ಭಾಗದಷ್ಟು ರೋಧ ಉಂಟಾದರೆ, 15 ಆಂಪಿಯರ್ ಹರಿಯುವಾಗ ಆ ಬಿಂದುವಿನಲ್ಲಿ ಹುಟ್ಟುವ ಕಾವು 22.5 ವ್ಯಾಟು. ರೇಡಿಯೋ ದುರಸ್ತಿಯವರ ಸಣ್ಣ ಸೋಲ್ಡರಿಂಗ್ ಕಡ್ಡಿ ಹೆಚ್ಚುಕಡಮೆ ಅಷ್ಟೇ ಶಕ್ತಿಯದು. ಅಂತಹದೊಂದನ್ನು ಗೋಡೆಯ ಪೆಟ್ಟಿಗೆಯೊಳಗೆ ಗಂಟೆಗಟ್ಟಲೆ ಹೊತ್ತಿಸಿಟ್ಟಂತೆ ಆಯಿತು. ಫ್ಯೂಸಿಗೆ ಇದು ತಿಳಿಯುವುದೇ ಇಲ್ಲ, ಏಕೆಂದರೆ ಪ್ರವಾಹ ಹೆಚ್ಚಾಗಿಲ್ಲ. 1970ರ ದಶಕದಲ್ಲಿ ಅಲ್ಯೂಮಿನಿಯಂ ತಂತಿ ಹಾಕಿದ ಕಟ್ಟಡಗಳಲ್ಲಿ ಈ ತೊಂದರೆ ಹೆಚ್ಚು. ಸ್ಕ್ರೂವಿನ ಒತ್ತಡಕ್ಕೆ ಆ ಲೋಹವು ಮೆಲ್ಲಮೆಲ್ಲನೆ ಹಿಸುಕಿಕೊಂಡು ಬಿಗಿ ತಪ್ಪುತ್ತದೆ. ಈಚಿನ ಸಾಕೆಟ್ಟುಗಳಲ್ಲಿ ಲೋಹದ ಹಿಡಿತಕ್ಕೆ ಸ್ಪ್ರಿಂಗಿನ ಬೆಂಬಲ ಕೊಟ್ಟಿರುವುದು ಕಣ್ಣಿಗೆ ಕಾಣದಿದ್ದರೂ ದೊಡ್ಡ ಸುಧಾರಣೆ.

ಫ್ಯೂಸು ತಂತಿಯನ್ನು ರಕ್ಷಿಸುತ್ತದೆ, ಮನುಷ್ಯನನ್ನಲ್ಲ. 40 ವ್ಯಾಟಿನ ಬಲ್ಬು ಸುಮಾರು 170 ಮಿಲಿಆಂಪಿಯರ್ ಪ್ರವಾಹವನ್ನು ಎಳೆಯುತ್ತದೆ. ಅದರ ಒಂದು ಅಂಶವೇ ಮನುಷ್ಯನಿಗೆ ಸಾಕು. ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಚಾರ್ಲ್ಸ್ ಡಾಲ್ಜೀಲ್ ಸ್ವಯಂಸೇವಕರ ಮೇಲೆ ಪ್ರಯೋಗ ನಡೆಸಿ, ಹಿಡಿದ ತಂತಿಯನ್ನು ಕೈ ಬಿಡಲು ಸಾಧ್ಯವಾಗುವ ಮಿತಿಯು ಸರಾಸರಿಯಲ್ಲಿ ಪುರುಷರಿಗೆ 16, ಸ್ತ್ರೀಯರಿಗೆ 10.5 ಮಿಲಿಆಂಪಿಯರ್ ಎಂದು ಕಂಡನು. ಅದರಾಚೆಗೆ ಸ್ನಾಯುಗಳು ಬಿಗಿದು ಕೈ ಅಂಟಿಕೊಂಡುಬಿಡುತ್ತದೆ. 1961ರಲ್ಲಿ ಅವನು ರಚಿಸಿದ ಸಾಧನವು ಫೇಸಿನಲ್ಲಿ ಹೋಗುವ ಪ್ರವಾಹವನ್ನು ನ್ಯೂಟ್ರಲಿನಲ್ಲಿ ಮರಳುವ ಪ್ರವಾಹದೊಡನೆ ಹೋಲಿಸುತ್ತಿರುತ್ತದೆ. ಎರಡಕ್ಕೂ ವ್ಯತ್ಯಾಸ ಬಂದರೆ ಎಲ್ಲಿಯೋ ಸೋರುತ್ತಿದೆಯೆಂದೇ ಅರ್ಥ. ಸೆಕೆಂಡಿನ ಅಲ್ಪಭಾಗದಲ್ಲಿ ಮಾರ್ಗವನ್ನು ಕಡಿದುಹಾಕುತ್ತದೆ. ಅಮೇರಿಕದಲ್ಲಿ ಇದನ್ನು ಸ್ನಾನಗೃಹ, ಅಡುಗೆಮನೆಗಳ ಸಾಕೆಟ್ಟಿನೊಳಗೇ ಅಳವಡಿಸುತ್ತಾರೆ. ಸುಮಾರು 5 ಮಿಲಿಆಂಪಿಯರ್ ಸೋರಿದರೂ ಅದು ಎಚ್ಚರಗೊಳ್ಳುತ್ತದೆ. ನಮ್ಮಲ್ಲಿ ಮುಖ್ಯ ಫಲಕದಲ್ಲಿ ಕೂಡಿಸುವ 30 ಮಿಲಿಆಂಪಿಯರಿನ ಸಾಧನವೇ ವಾಡಿಕೆ. ಅದರ ಮೇಲಿನ ಪರೀಕ್ಷಾ ಗುಂಡಿಯನ್ನು ಆಗಾಗ ಒತ್ತಿ ನೋಡಬೇಕು. ಆದರೆ ಆ ಗುಂಡಿ ಸಾಧನದ ಆರೋಗ್ಯವನ್ನು ಮಾತ್ರ ಹೇಳುತ್ತದೆ, ಭೂತಂತಿ ನೆಟ್ಟಗಿದೆಯೇ ಇಲ್ಲವೇ ಎಂಬುದನ್ನಲ್ಲ.

ಅದಕ್ಕೆ ಬೇರೆ ಪರೀಕ್ಷೆ ಬೇಕು. ಮೂರು ರಂಧ್ರದ ಸಾಕೆಟ್ಟು ಗೋಡೆಯ ಮೇಲೆ ಇದ್ದು, ಮೇಲಿನ ರಂಧ್ರದ ಹಿಂದೆ ತಂತಿಯೇ ಇಲ್ಲದಿರುವ ಕಟ್ಟಡಗಳು ಅಪರೂಪವಲ್ಲ. ಪಂಖದ ರೆಕ್ಕೆಯ ಮೇಲೆ ದಾನಿಗಳ ಹೆಸರನ್ನು ಬರೆಯಿಸುವ ರೂಢಿ ಉಂಟು. ನೆಲದೊಳಗಿನ ಭೂತಂತಿಯ ಮೇಲೆ ಹೆಸರು ಬರೆಯಲು ಸ್ಥಳವಿಲ್ಲ. ಆ ತಂತಿ ಕೊನೆಗೊಳ್ಳುವ ಗುಂಡಿಯಲ್ಲಿ ತಗಡು ಅಥವಾ ಕೊಳವೆಯ ಸುತ್ತ ಇದ್ದಲು, ಉಪ್ಪುಗಳನ್ನು ತುಂಬಿರುತ್ತಾರೆ. ಬಯಲುಸೀಮೆಯ ಬೇಸಿಗೆಯಲ್ಲಿ ಮಣ್ಣು ಒಣಗಿ ಅದರ ರೋಧ ಏರುತ್ತದೆ. ಅದಕ್ಕಾಗಿಯೇ ನೀರೆರೆಯಲು ಆಲಿಕೆಯ ಬಾಯೊಂದನ್ನು ನೆಲದ ಮಟ್ಟದಲ್ಲಿ ಬಿಟ್ಟಿರುತ್ತಾರೆ. ಅಂಗಳಕ್ಕೆ ಕಲ್ಲು ಹಾಸುವಾಗ ಎಷ್ಟೋ ಕಡೆ ಆ ಬಾಯಿ ಮುಚ್ಚಿಹೋಗಿರುತ್ತದೆ. ಅದನ್ನು ಹುಡುಕಿ ತೆರೆದು, ಶಿವರಾತ್ರಿಯಿಂದ ಮುಂಗಾರಿನವರೆಗೆ ಆಗಾಗ ಕೊಡಗಟ್ಟಲೆ ನೀರು ಹುಯ್ಯಿಸುವುದು, ವರ್ಷಕ್ಕೊಮ್ಮೆ ಪರವಾನಗಿಯುಳ್ಳ ವೈರ್‌ಮನ್ನನಿಂದ ಭೂರೋಧವನ್ನು ಅಳೆಯಿಸಿ ಕಡತದಲ್ಲಿ ಬರೆದಿಡುವುದು ಯಾವ ಶಾಲೆಗೂ ಹೊರೆಯಾಗುವ ಕೆಲಸವಲ್ಲ.