ಡನಾಟರ್: ಕಿರೀಟ ಉಳಿಸಿದ ಕಡಲ ಬಂಡೆ

ಸ್ಟೋನ್‌ಹೇವನ್ ಸ್ಕಾಟ್ಲೆಂಡಿನ ಈಶಾನ್ಯ ಕರಾವಳಿಯ ಒಂದು ಸಣ್ಣ ಬಂದರು ಪಟ್ಟಣ. ಅಬರ್ಡೀನ್‌ನಲ್ಲಿ ರೈಲು ಹತ್ತಿದರೆ ಸುಮಾರು ಇಪ್ಪತ್ತು ನಿಮಿಷದ ಹಾದಿ. ಬಂದರಿನ ಹಿಂದಿನ ಏರು ಹತ್ತಿ, ಎಡಗಡೆ ಸಮುದ್ರ, ಬಲಗಡೆ ಹೊಲ ನೋಡುತ್ತಾ ದಕ್ಷಿಣಕ್ಕೆ ಮೂರು ಕಿಲೋಮೀಟರ್ ನಡೆದರೆ ಡನಾಟರ್ ಕೋಟೆ ಕಾಣುತ್ತದೆ. ನಡುದಾರಿಯ ಗುಡ್ಡದ ಮೇಲೆ ಮಹಾಯುದ್ಧದಲ್ಲಿ ಮಡಿದ ಊರಿನವರ ಸ್ಮಾರಕವಿದೆ. ಅರ್ಧಕ್ಕೇ ಮುಗಿದ ಬದುಕುಗಳ ನೆನಪಿಗೆಂದು ಅದನ್ನು ಬೇಕೆಂತಲೇ ಸೂರಿಲ್ಲದ ಪಾಳು ಗುಡಿಯ ಹಾಗೆ ಕಟ್ಟಿದ್ದಾರೆ. ಅಲ್ಲಿ ಒಂದು ಗಳಿಗೆ ನಿಂತು ಮುಂದೆ ಹೋಗುವುದು ಒಳ್ಳೆಯದು.

ಕೋಟೆ ನಿಂತಿರುವ ಬಂಡೆ ಸಮುದ್ರದಿಂದ ಸುಮಾರು 160 ಅಡಿ ಎತ್ತರಕ್ಕೆ ನೆಟ್ಟಗೆ ಎದ್ದಿದೆ. ನೆತ್ತಿಯ ಮೇಲೆ ಮೂರು ಎಕರೆಯಷ್ಟು ಹುಲ್ಲುಗಾವಲು, ಅದರ ತುಂಬ ಮುರಿದ ಗೋಡೆಗಳು. ದಡಕ್ಕೂ ಅದಕ್ಕೂ ಒಂದು ಕಿರಿದಾದ ದಿಣ್ಣೆಯ ನಂಟು ಮಾತ್ರ. ದಡದ ತುದಿಯಲ್ಲಿ ನಿಂತರೆ ಸಿಗುವ ನೋಟ ಎಷ್ಟು ಸೊಗಸಾಗಿದೆಯೆಂದರೆ, ಅಲ್ಲಿಂದಲೇ ಫೋಟೊ ತೆಗೆದುಕೊಂಡು ತಿರುಗಿ ಹೊರಡುವವರೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಡನಾಟರ್‌ನ ಅಸಲಿ ಕಥೆ ಗೋಪುರದಲ್ಲಿಲ್ಲ, ನೆಲಮಾಳಿಗೆಯಲ್ಲಿದೆ. ಅಲ್ಲಿಗೆ ಹೋಗಲು ಇನ್ನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಹತ್ತಿಳಿಯಬೇಕು.

ಮೊದಲು ಕಡಲಂಚಿನವರೆಗೂ ಇಳಿಯಬೇಕು. ಇಳಿಯುವಾಗ ಬಂಡೆಯನ್ನೊಮ್ಮೆ ಕೈಯಿಂದ ಮುಟ್ಟಿ ನೋಡಿ. ಮುಷ್ಟಿಗಾತ್ರದ, ಕೆಲವು ಕಡೆ ತಲೆಗಾತ್ರದ ನುಣುಪಾದ ಉರುಟು ಕಲ್ಲುಗಳು ಕೆಂಪು ಮರಳುಗಲ್ಲಿನಲ್ಲಿ ಹುದುಗಿವೆ, ಬೆಲ್ಲದ ಪಾಕದಲ್ಲಿ ಕಡಲೆಬೀಜ ಕೂತಂತೆ. 40 ಕೋಟಿ ವರ್ಷಕ್ಕೂ ಹಿಂದೆ ನದಿಗಳು ಹೊತ್ತು ತಂದು ಸುರಿದ ಕಲ್ಲುಗಳು ಇವು. ಒಂದೊಂದು ಕಲ್ಲು ಉದುರಿದಲ್ಲೂ ಒಂದು ಗುಳಿ; ಆ ಗುಳಿಗಳಲ್ಲಿ ಕಡಲಹಕ್ಕಿಗಳ ಗೂಡು.

ಮತ್ತೆ ಏರಿದರೆ ಬಂಡೆಯ ಸೀಳಿನಲ್ಲಿ ಹೆಬ್ಬಾಗಿಲು. ಸೀಳನ್ನು ಪೂರ್ತಿ ಮುಚ್ಚುವಂತೆ ಗೋಡೆ ಎಬ್ಬಿಸಿ, ಅದರಲ್ಲಿ ಒಂದೇ ಒಂದು ಬಾಗಿಲು ಬಿಟ್ಟಿದ್ದಾರೆ. ಪಕ್ಕದಲ್ಲಿ ಬಂಡೆಯನ್ನೇ ಕೊರೆದು ಕಟ್ಟಿದ ಬೆನ್‌ಹೋಮ್ ಕಟ್ಟಡ. ಅದರ ಗೋಡೆಯಲ್ಲಿ ಮೂರು ಸಾಲು ಬಂದೂಕುಗಿಂಡಿಗಳು ನೇರ ಏರುದಾರಿಯನ್ನೇ ಗುರಿಯಿಟ್ಟು ನೋಡುತ್ತಿವೆ. ಫಿರಂಗಿ ಬರುವ ಮುಂಚೆ ಇಲ್ಲಿ ನುಗ್ಗುವುದು ಆಗದ ಮಾತು.

ಇಂಥ ಜಾಗವನ್ನು ಬೇಡವೆನ್ನುವ ದೊರೆ ಯಾರು? 681 ಮತ್ತು 694ರಲ್ಲಿ ಇಲ್ಲಿ ಮುತ್ತಿಗೆ ನಡೆಯಿತೆಂದು ಐರ್ಲೆಂಡಿನ ಹಳೆಯ ವಾರ್ಷಿಕ ದಾಖಲೆಗಳು ಹೇಳುತ್ತವೆ. 1276ರಲ್ಲಿ ಬಂಡೆಯ ಮೇಲೊಂದು ಇಗರ್ಜಿಗೆ ಪ್ರತಿಷ್ಠೆಯಾಯಿತು. 1297ರಲ್ಲಿ ಸ್ಕಾಟಿಷ್ ನಾಯಕ ವಿಲಿಯಂ ವ್ಯಾಲೇಸ್ ಕೋಟೆಯನ್ನು ವಶಪಡಿಸಿಕೊಂಡು, ಇಗರ್ಜಿಯೊಳಗೆ ಅವಿತ ಇಂಗ್ಲಿಷ್ ಸೈನಿಕರನ್ನು ಸುಟ್ಟನೆಂಬ ಕಥೆ ಜನಪ್ರಿಯ. ಆದರೆ ಅದರ ಆಧಾರ ಸುಮಾರು 180 ವರ್ಷಗಳ ನಂತರ ಬ್ಲೈಂಡ್ ಹ್ಯಾರಿ ಎಂಬ ಕವಿ ಬರೆದ ಕಾವ್ಯ. ಅದನ್ನು ಕಾವ್ಯವೆಂದೇ ಓದಬೇಕು.

ಈಗ ಕಾಣುವ ಕಟ್ಟಡಗಳಲ್ಲಿ ಎದ್ದು ಕಾಣುವುದು ಹದಿನಾಲ್ಕನೇ ಶತಮಾನದ ಕೊನೆಗೆ ಸರ್ ವಿಲಿಯಂ ಕೀತ್ ಕಟ್ಟಿಸಿದ ಗೋಪುರಮನೆ. ಪವಿತ್ರ ನೆಲದಲ್ಲಿ ಕಟ್ಟಿದನೆಂದು ಧರ್ಮಾಧಿಕಾರಿಗಳು ಅವನಿಗೆ ಬಹಿಷ್ಕಾರ ಹಾಕಿದರು. 1395ರಲ್ಲಿ ಹದಿಮೂರನೇ ಬೆನೆಡಿಕ್ಟ್ ಪೋಪ್ ಅದನ್ನು ತೆಗೆದ. ಕೀತ್ ಮನೆತನದವರು ವಂಶಪಾರಂಪರ್ಯವಾಗಿ ರಾಜ್ಯದ ಮಾರ್ಷಲ್‌ಗಳು. ಕಿರೀಟ, ರಾಜದಂಡ, ಖಡ್ಗ ಎಂಬ ಮೂರು ರಾಜಚಿಹ್ನೆಗಳ ಕಾವಲು ಅವರ ಹೊಣೆ. ಮುಂದಿನದಕ್ಕೆಲ್ಲ ಈ ಹೊಣೆಯೇ ಕಾರಣವಾಯಿತು.

1651ರ ಜನವರಿ 1ರಂದು ಸ್ಕೋನ್‌ನಲ್ಲಿ ಎರಡನೇ ಚಾರ್ಲ್ಸ್‌ಗೆ ಪಟ್ಟಾಭಿಷೇಕವಾಯಿತು. ಆ ಹೊತ್ತಿಗೆ ಎಡಿನ್‌ಬರೊ ಕೋಟೆ ರಾಜನ ಎದುರಾಳಿ, ಇಂಗ್ಲೆಂಡಿನ ಕ್ರಾಮ್‌ವೆಲ್‌ನ ಸೇನೆಯ ಕೈಯಲ್ಲಿತ್ತು. ಇಂಗ್ಲೆಂಡಿನ ರಾಜಚಿಹ್ನೆಗಳನ್ನು ಕ್ರಾಮ್‌ವೆಲ್‌ನ ಕಡೆಯವರು ಆಗಲೇ ಒಡೆದು ಕರಗಿಸಿಯಾಗಿತ್ತು. ಸ್ಕಾಟ್ಲೆಂಡಿನವಕ್ಕೂ ಅದೇ ಗತಿ ಬರಬಾರದೆಂದು ಅವನ್ನು ಡನಾಟರ್‌ಗೆ ಸಾಗಿಸಲಾಯಿತು. ಹೊತ್ತು ತಂದವಳು ಕ್ಯಾಥರಿನ್ ಡ್ರಮಂಡ್, ಉಣ್ಣೆ ಮೂಟೆಗಳಲ್ಲಿ ಅಡಗಿಸಿ. ಕೋಟೆಯೊಳಗೆ ಜಾರ್ಜ್ ಒಗಿಲ್ವಿಯ ಕೈಕೆಳಗೆ ಎಪ್ಪತ್ತರ ಆಸುಪಾಸು ಜನ. ಹೊರಗೆ ಇಡೀ ಸ್ಕಾಟ್ಲೆಂಡನ್ನು ಗೆದ್ದು ಬಂದ ಸೇನೆ.

ಎಂಟು ತಿಂಗಳ ಮುತ್ತಿಗೆಯಲ್ಲಿ ಗಂಡಸರು ಗೋಡೆ ಕಾದರು ನಿಜ. ಆದರೆ ಕಾಪಾಡಬೇಕಾದದ್ದನ್ನು ಕಾಪಾಡಿದವರು ಹೆಂಗಸರು. ಒಗಿಲ್ವಿಯ ಹೆಂಡತಿ ಎಲಿಜಬೆತ್ ಡಗ್ಲಸ್ ಮತ್ತು ಹತ್ತಿರದ ಕಿನೆಫ್ ಊರಿನ ಪಾದ್ರಿಯ ಹೆಂಡತಿ ಕ್ರಿಶ್ಚಿಯನ್ ಫ್ಲೆಚರ್ ಸೇರಿ ಉಪಾಯ ಹೂಡಿದರು. ರಾಜನ ಖಾಸಗಿ ಕಾಗದಪತ್ರಗಳನ್ನು ಆನ್ ಲಿಂಡ್ಸೆ ಎಂಬಾಕೆ ನಡುಪಟ್ಟಿಯಲ್ಲಿ ಹೊಲಿದುಕೊಂಡು ಶತ್ರುಪಾಳೆಯದ ನಡುವೆಯೇ ನಡೆದು ಆಚೆ ದಾಟಿಸಿದಳು. ಕಿರೀಟದ ವಿಷಯಕ್ಕೆ ಎರಡು ಕಥೆಗಳಿವೆ. ಹಗ್ಗದಲ್ಲಿ ಬಂಡೆಯ ಕೆಳಗೆ ಇಳಿಬಿಟ್ಟರು, ಕಡಲಪಾಚಿ ಆಯುವವಳಂತೆ ನಟಿಸುತ್ತಿದ್ದ ಕೆಲಸದಾಕೆ ಬುಟ್ಟಿಗೆ ಹಾಕಿಕೊಂಡಳು ಎನ್ನುವುದು ಒಂದು. ಕ್ರಿಶ್ಚಿಯನ್ 1664ರಲ್ಲಿ ಕೊಟ್ಟ ಹೇಳಿಕೆ ಬೇರೆ: 1652ರ ಫೆಬ್ರುವರಿ–ಮಾರ್ಚ್‌ನಲ್ಲಿ ತಾನೇ ಮೂರು ಸಲ ಕೋಟೆಗೆ ಹೋಗಿ, ಸಾಮಾನಿನ ಮೂಟೆಗಳಲ್ಲಿ ಒಂದೊಂದಾಗಿ ಹೊರತಂದೆ ಎಂದು. ಅವಳ ಮಾತನ್ನೇ ನಂಬಲು ನನಗೆ ಮನಸ್ಸು.

ಕ್ರಿಶ್ಚಿಯನ್ ಮತ್ತು ಅವಳ ಗಂಡ ಅವನ್ನು ಮೊದಲು ಮನೆಯ ಮಂಚದ ಬುಡದಲ್ಲಿ ಇಟ್ಟರು, ಆಮೇಲೆ ಕಿನೆಫ್ ಇಗರ್ಜಿಯ ನೆಲದಡಿ ಹೂತರು. ಮೂರು ತಿಂಗಳಿಗೊಮ್ಮೆ ರಾತ್ರಿ ಹೊತ್ತು ಅಗೆದು ತೆಗೆದು, ತೇವ ಹಿಡಿಯದಂತೆ ಬೆಂಕಿಯ ಮುಂದೆ ಕಾಯಿಸಿ ಮತ್ತೆ ಹೂಳುತ್ತಿದ್ದರಂತೆ. ಮೇ ತಿಂಗಳಲ್ಲಿ ಹತ್ತು ದಿನ ಫಿರಂಗಿ ಏಟು ತಿಂದು ಕೋಟೆ ಶರಣಾದಾಗ ಒಳಗೆ ಕಿರೀಟವಿರಲಿಲ್ಲ. ಒಗಿಲ್ವಿ ದಂಪತಿಯನ್ನು ಸೆರೆಯಲ್ಲಿಟ್ಟು ವಿಚಾರಿಸಿದರೂ ಗುಟ್ಟು ಬಿಡಲಿಲ್ಲ. 1660ರಲ್ಲಿ ರಾಜ ಮರಳಿ ಬಂದ ಮೇಲೆ ಗಂಡಸರಿಗೆ ಬಿರುದುಗಳು ಬಂದವು. ಕ್ರಿಶ್ಚಿಯನ್‌ಗೆ ಸಂಸತ್ತು 2,000 ಮರ್ಕ್ ನಾಣ್ಯಗಳ ಬಹುಮಾನ ಘೋಷಿಸಿತು. ಕೋಟೆಯ ಅತ್ಯಂತ ದೊಡ್ಡ ಸಾಹಸ ಅವಳದು. ಅದಕ್ಕೆ ಅದು ಸಾಟಿಯಾದ ಮನ್ನಣೆಯಲ್ಲ ಎಂದೇ ನನ್ನ ಅಭಿಪ್ರಾಯ.

ಅದೇ ರಾಜನ ಆಳ್ವಿಕೆ ಮುಗಿದು, ಅವನ ತಮ್ಮ ಪಟ್ಟಕ್ಕೆ ಬಂದ ವರ್ಷ, ಈ ಕೋಟೆ ಸೆರೆಮನೆಯಾಯಿತು. ಇಗರ್ಜಿಯ ಮೇಲೆ ರಾಜನಿಗೆ ಅಧಿಕಾರವಿಲ್ಲ ಎನ್ನುತ್ತಿದ್ದ ಪಂಥದವರು ಕವೆನೆಂಟರ್‌ಗಳು. 1685ರ ಮೇ ತಿಂಗಳಲ್ಲಿ 122 ಗಂಡಸರು, 45 ಹೆಂಗಸರು, ಒಟ್ಟು 167 ಜನರನ್ನು ದಕ್ಷಿಣದಿಂದ ನಡೆಸಿಕೊಂಡು ತಂದು ಇಲ್ಲಿ ಕೂಡಿಹಾಕಿದರು. ಆ ಜಾಗಕ್ಕೆ ಈಗ ವಿಗ್ಸ್ ವಾಲ್ಟ್ ಎಂದು ಹೆಸರು. ಒಳಗೆ ಹೋಗಿ ನಿಲ್ಲಬಹುದು. ಉದ್ದ 16 ಮೀಟರ್, ಅಗಲ ನಾಲ್ಕೂವರೆ ಮೀಟರ್. ಕಮಾನು ಚಾವಣಿ, ಬರಿಗಲ್ಲಿನ ಗೋಡೆ, ಪೂರ್ವದ ತುದಿಗೆ ಸಮುದ್ರದ ಕಡೆಗೊಂದು ಕಿಟಕಿ. ನೆಲದಲ್ಲಿ ಒಂದು ಕಿಂಡಿ, ಅದರ ಕೆಳಗೆ ಇನ್ನೂ ಸಣ್ಣದೊಂದು ಕತ್ತಲಕೋಣೆ. ಹೆಚ್ಚಿನವರನ್ನು ತುಂಬಿದ್ದು ಮೇಲಿನ ವಾಲ್ಟ್‌ನಲ್ಲೇ. ಕೂರಲೂ ಜಾಗವಿಲ್ಲ, ಕಾಲಡಿಯಲ್ಲಿ ಕೆಸರು. ಆ ವಾಲ್ಟ್‌ನ ಮೇಲಿನ ಅಂತಸ್ತಿನಲ್ಲಿ, 1650ರಲ್ಲಿ ಚಾರ್ಲ್ಸ್ ಬಂದಾಗ ಮಲಗಿದ್ದ ಕೋಣೆ.

ಸೆರೆಯಾಳುಗಳ ಪೈಕಿ ಇಬ್ಬರ ಹೆಂಡಂದಿರು ಎಡಿನ್‌ಬರೊದ ಪ್ರಿವಿ ಕೌನ್ಸಿಲ್‌ಗೆ ಅರ್ಜಿ ಕೊಟ್ಟು, ಬೆಳಕಿಲ್ಲದ ಕೋಣೆಯಲ್ಲಿ ಗಂಡು ಹೆಣ್ಣೆನ್ನದೆ ಒತ್ತಿ ತುಂಬಿದ್ದಾರೆಂದು ದೂರಿದರು. 25 ಜನ ಬಂಡೆಯಂಚಿನಿಂದ ತಪ್ಪಿಸಿಕೊಳ್ಳಲು ನೋಡಿದರು. ಇಬ್ಬರು ಕೆಳಗೆ ಬಿದ್ದು ಸತ್ತರು, 15 ಮಂದಿ ಸಿಕ್ಕಿಬಿದ್ದು ಚಿತ್ರಹಿಂಸೆ ಅನುಭವಿಸಿದರು. ರಾಜನಿಷ್ಠೆಯ ಪ್ರಮಾಣ ಮಾಡಿದ 37 ಮಂದಿಗೆ ಬಿಡುಗಡೆ ಸಿಕ್ಕಿತು. ಜುಲೈ ಕೊನೆಗೆ ಉಳಿದವರನ್ನು ಅಲ್ಲಿಂದ ಸಾಗಿಸಿ, ಅಮೆರಿಕದ ನ್ಯೂಜೆರ್ಸಿಗೆ ಹಡಗು ಹತ್ತಿಸಿದರು. ಅವರಲ್ಲಿ ಅನೇಕರು ಹಾದಿಯಲ್ಲೇ ತೀರಿಕೊಂಡರು.

ಇಲ್ಲೇ ಸತ್ತವರ ಹೆಸರಿನ ಕಲ್ಲು ಕೋಟೆಯಲ್ಲಿಲ್ಲ, ಒಳನಾಡಿನ ಡನಾಟರ್ ಇಗರ್ಜಿಯ ಅಂಗಳದಲ್ಲಿದೆ. 1793ರಲ್ಲಿ ಆ ಕಲ್ಲನ್ನು ತಿಕ್ಕಿ ಶುಚಿ ಮಾಡುತ್ತಿದ್ದ ರಾಬರ್ಟ್ ಪ್ಯಾಟರ್ಸನ್ ಎಂಬ ಮುದುಕನನ್ನು ಕಾದಂಬರಿಕಾರ ವಾಲ್ಟರ್ ಸ್ಕಾಟ್ ಅಲ್ಲಿ ಕಂಡ. ‘ಓಲ್ಡ್ ಮೊರ್ಟ್ಯಾಲಿಟಿ’ ಕಾದಂಬರಿಯ ಹೆಸರು ಹುಟ್ಟಿದ್ದು ಅವನಿಂದ. 1818ರಲ್ಲಿ ಎಡಿನ್‌ಬರೊ ಕೋಟೆಯ ಬೀಗ ಹಾಕಿದ ಪೆಟ್ಟಿಗೆಯಿಂದ, ಮರೆತೇಹೋಗಿದ್ದ ಅದೇ ಕಿರೀಟವನ್ನು ತೆಗೆಸಿದವನೂ ಸ್ಕಾಟನೇ.

ಪದಚ್ಯುತ ರಾಜವಂಶದ ಪರವಾಗಿ ನಡೆದ 1715ರ ಜಾಕೊಬೈಟ್ ಬಂಡಾಯದಲ್ಲಿ ಕೀತ್ ಮನೆತನ ಸೋತ ಪಕ್ಷದಲ್ಲಿತ್ತು. ಆಸ್ತಿ ಮುಟ್ಟುಗೋಲಾಯಿತು. ಕೊಂಡ ಕಂಪನಿ ಸೂರು, ತೊಲೆ, ಬೆಲೆಬಾಳುವ ಕಲ್ಲು ಎಲ್ಲವನ್ನೂ ಕಿತ್ತು ಮಾರಿತು. ಕೋಟೆ ಪಾಳಾದದ್ದು ಫಿರಂಗಿಗಿಂತ ಹೆಚ್ಚಾಗಿ ಇದರಿಂದ. 1925ರಲ್ಲಿ ಲೇಡಿ ಕೌಡ್ರೇ ದುರಸ್ತಿ ಕೈಗೆತ್ತಿಕೊಳ್ಳದಿದ್ದರೆ ಇಷ್ಟೂ ಉಳಿಯುತ್ತಿರಲಿಲ್ಲ. ಮರದ ಚಾವಣಿ, ಅಂಗಳದ ದುಂಡನೆಯ ನೀರಿನ ತೊಟ್ಟಿ, ಕಮ್ಮಾರಸಾಲೆ, ಕುದುರೆಲಾಯ ಎಲ್ಲವನ್ನೂ ಸಾವಧಾನವಾಗಿ ನೋಡಲು ಎರಡು ಗಂಟೆಯಾದರೂ ಬೇಕು. 1990ರಲ್ಲಿ ಫ್ರಾಂಕೊ ಜೆಫಿರೆಲ್ಲಿ ‘ಹ್ಯಾಮ್ಲೆಟ್’ ಚಿತ್ರದ ಕೆಲವು ದೃಶ್ಯಗಳನ್ನು ಇಲ್ಲೇ ತೆಗೆದ.

ಸಮಯವಿದ್ದವರು ಕಿನೆಫ್‌ನ ಹಳೆಯ ಇಗರ್ಜಿಗೂ ಹೋಗಿ ಬನ್ನಿ. ಅದು ಕರಾವಳಿಯುದ್ದಕ್ಕೆ ಕೆಲವೇ ಮೈಲಿ ದಕ್ಷಿಣಕ್ಕಿದೆ. ಕಿರೀಟ ಎಡಿನ್‌ಬರೊ ಕೋಟೆಯಲ್ಲಿದೆ, ಎಲ್ಲರೂ ನೋಡಬಹುದು. ಡನಾಟರ್‌ಗೆ ಬರುವವರು ಹಿಡಿತವಿರುವ ಬೂಟು, ಗಾಳಿ ತಡೆಯುವ ಅಂಗಿ ತನ್ನಿ. ಗಾಲಿಕುರ್ಚಿಗೆ ದಾರಿಯಿಲ್ಲ, ಮಂಡಿನೋವಿನವರಿಗೂ ಕಷ್ಟ. ಬಿರುಗಾಳಿ ಇದ್ದ ದಿನ, ಮೆಟ್ಟಿಲ ಮೇಲೆ ಮಂಜುಗಡ್ಡೆ ಕಟ್ಟಿದ ದಿನ ಬಾಗಿಲು ತೆರೆಯುವುದಿಲ್ಲ. ಹೊರಡುವ ಮುನ್ನ ವಿಚಾರಿಸಿಕೊಂಡೇ ಹೊರಡಿ.