ಸಿಡ್ನಿ–ಹೋಬಾರ್ಟ್ ಹಾಯಿನೌಕಾ ಸ್ಪರ್ಧೆ

ಇಂಗ್ಲಿಷಿನ 'ಯಾಟ್' ಎಂಬ ಶಬ್ದವು ಡಚ್ಚರ ಭಾಷೆಯಿಂದ ಬಂದುದು. ಅಲ್ಲಿ ಅದರ ಮೂಲಾರ್ಥ ಬೇಟೆ, ಬೆನ್ನಟ್ಟುವಿಕೆ. ವೇಗವಾಗಿ ಸಾಗಬಲ್ಲ ಹಗುರವಾದ ಹಾಯಿನೌಕೆಗೆ ಮೊದಲು ಈ ಹೆಸರು ಸಂದಿತು. ಶ್ರೀಮಂತರ ವಿಲಾಸನೌಕೆಗೆ ಅದು ಅನ್ವಯಿಸಿದ್ದು ತರುವಾಯ. ಕನ್ನಡದಲ್ಲಿ ಇದನ್ನು 'ವಿಹಾರನೌಕೆ' ಎಂದು ಕರೆಯುವುದುಂಟು. ಆದರೆ ಆಸ್ಟ್ರೇಲಿಯದಲ್ಲಿ ಪ್ರತಿವರ್ಷ ಡಿಸೆಂಬರ್ 26ರಂದು ಆರಂಭವಾಗುವ ಸಿಡ್ನಿ–ಹೋಬಾರ್ಟ್ ಸ್ಪರ್ಧೆಯ ವೃತ್ತಾಂತವನ್ನು ತಿಳಿದವರಿಗೆ ಆ ಪದದಲ್ಲಿರುವ 'ವಿಹಾರ'ವು ಅಷ್ಟಾಗಿ ಒಪ್ಪಿಗೆಯಾಗಲಾರದು.

ಸ್ಪರ್ಧೆಯ ದೂರ 628 ಸಾಗರ ಮೈಲಿ, ಎಂದರೆ ಸುಮಾರು 1,163 ಕಿಲೋಮೀಟರು. ಸಿಡ್ನಿಯ ಬಂದರಿನಿಂದ ಹೊರಟ ನೌಕೆಗಳು ಪೂರ್ವ ಕರಾವಳಿಯನ್ನು ಅನುಸರಿಸಿ ದಕ್ಷಿಣಾಭಿಮುಖವಾಗಿ ಸಾಗಿ, ಬಾಸ್ ಜಲಸಂಧಿಯನ್ನು ದಾಟಿ, ಟಾಸ್ಮೇನಿಯ ದ್ವೀಪದ ಪೂರ್ವದಂಡೆಯಗುಂಟ ಇಳಿದು, ಡರ್ವೆಂಟ್ ನದಿಯೊಳಗೆ ಪ್ರವೇಶಿಸಿ ಹೋಬಾರ್ಟ್ ನಗರವನ್ನು ಸೇರಬೇಕು. ಇದರಲ್ಲಿ ದುರ್ಗಮವಾದುದು ಬಾಸ್ ಜಲಸಂಧಿ. ಅದರ ಸರಾಸರಿ ಆಳ ಸುಮಾರು 60 ಮೀಟರು ಮಾತ್ರ. ಮಹಾಸಾಗರದ ದೀರ್ಘವಾದ ಅಲೆಗಳು ಆಳವಿಲ್ಲದ ಈ ನೀರಿಗೆ ಬಂದೊಡನೆ ಒತ್ತೊತ್ತಾಗಿ, ಕಡಿದಾಗಿ ಏಳುತ್ತವೆ. ಇದಲ್ಲದೆ ಪೂರ್ವ ಕರಾವಳಿಯ ಪ್ರವಾಹವು ಉತ್ತರದಿಂದ ದಕ್ಷಿಣಕ್ಕೆ ಹರಿಯುತ್ತಿರುವಾಗ ದಕ್ಷಿಣದಿಂದ ಬಿರುಗಾಳಿ ಎದ್ದಿತೆಂದರೆ, ನೀರು ಒಂದು ದಿಕ್ಕಿಗೂ ಗಾಳಿ ಮತ್ತೊಂದು ದಿಕ್ಕಿಗೂ ಸೆಣಸಿ ಅಲೆಗಳು ಗೋಡೆಗಳಂತೆ ನಿಲ್ಲುವುವು. ಇಷ್ಟೆಲ್ಲವನ್ನೂ ದಾಟಿ ಬಂದ ನೌಕೆಯು ಕಡೆಯಲ್ಲಿ ಡರ್ವೆಂಟ್ ನದಿಯೊಳಗೆ ಗಾಳಿಯೇ ಇಲ್ಲದೆ, ಊರಿನ ದೀಪಗಳನ್ನು ನೋಡುತ್ತ ಗಂಟೆಗಟ್ಟಲೆ ನಿಂತಲ್ಲೇ ನಿಲ್ಲುವ ಪ್ರಸಂಗವೂ ಉಂಟು.

ಇಷ್ಟು ಪ್ರಸಿದ್ಧವಾದ ಈ ಸ್ಪರ್ಧೆಯು ಮೂಲತಃ ಸ್ಪರ್ಧೆಯೇ ಆಗಿರಲಿಲ್ಲ. 1945ರಲ್ಲಿ ಸಿಡ್ನಿಯ ನೌಕಾವಿಹಾರಿಗಳ ಕ್ಲಬ್ಬಿನ ಕೆಲವರು ಕ್ರಿಸ್‌ಮಸ್ ರಜೆಯಲ್ಲಿ ಹೋಬಾರ್ಟಿಗೆ ಹೋಗಿಬರುವ ಆಲೋಚನೆಯಲ್ಲಿದ್ದರು. ಅವರಲ್ಲಿ ಪೀಟರ್ ಲ್ಯೂಕ್ ಎಂಬವರು, ಆಗ ಅಲ್ಲಿದ್ದ ಬ್ರಿಟಿಷ್ ನೌಕಾಪಡೆಯ ಅಧಿಕಾರಿ ಜಾನ್ ಇಲಿಂಗ್‌ವರ್ತ್ ಅವರನ್ನೂ ಜೊತೆಗೆ ಕರೆದರು. ಸ್ಪರ್ಧೆಯನ್ನಾಗಿ ಮಾಡುವಿರಾದರೆ ತಾವು ಬರುವುದಾಗಿ ಇಲಿಂಗ್‌ವರ್ತ್ ಉತ್ತರವಿತ್ತರು. ಒಂಬತ್ತು ನೌಕೆಗಳು ಹೊರಟವು. ಇಲಿಂಗ್‌ವರ್ತ್ ಅವರ ಸುಮಾರು 35 ಅಡಿ ಉದ್ದದ ನೌಕೆಯ ಹೆಸರು ನಮ್ಮವರ ಕಿವಿಗೆ ಪರಿಚಿತವಾದುದೇ: 'ರಾಣಿ'.

ಹೊರಟ ಕೆಲವೇ ಗಂಟೆಗಳಲ್ಲಿ ಬಿರುಗಾಳಿ ಬಡಿಯಿತು. ಒಂದು ನೌಕೆ ಸ್ಪರ್ಧೆಯನ್ನು ಬಿಟ್ಟಿತು. ಕೆಲವು ದಂಡೆಯ ಆಶ್ರಯವನ್ನು ಹುಡುಕಿಕೊಂಡವು. 'ರಾಣಿ' ಮಾತ್ರ ನಿಲ್ಲದೆ ನಡೆಯಿತು. ವಿಮಾನದಿಂದ ಹುಡುಕಿದರೂ ಅದು ಕಾಣಲಿಲ್ಲವಾದುದರಿಂದ ಮುಳುಗಿತೆಂದೇ ಹಲವರು ಭಾವಿಸಿದರು. ಅದಾದರೋ ಎಲ್ಲರಿಗಿಂತ ಮುಂದೆ ಇದ್ದಿತು! 6 ದಿನ 14 ಗಂಟೆ 22 ನಿಮಿಷಗಳಲ್ಲಿ ಹೋಬಾರ್ಟನ್ನು ಸೇರಿ ಪ್ರಥಮವೆನಿಸಿತು. ಲ್ಯೂಕ್ ಅವರ 'ವೇಫೇರರ್' ನೌಕೆಗೆ ಹನ್ನೊಂದು ದಿನಗಳ ಮೇಲೂ ಆರು ಗಂಟೆ ಹಿಡಿಯಿತು. ಇಷ್ಟು ನಿಧಾನವಾಗಿ ಗುರಿ ಮುಟ್ಟಿದ ನೌಕೆ ಮತ್ತೊಂದಿಲ್ಲ.

ಬಿರುಗಾಳಿಯಲ್ಲಿ ನಿಲ್ಲದವನು ಗೆದ್ದನೆಂಬ ಈ ಮೊದಲ ವರ್ಷದ ಸಂಗತಿಯೇ ಸ್ಪರ್ಧೆಯ ಕೀರ್ತಿಗೆ ಬೀಜವಾಯಿತು. ಮುಂದೆ ಅದರ ಕಷ್ಟಕ್ಕೂ ಅದೇ ಬೀಜವೆಂದರೆ ಅನ್ಯಾಯವಾಗದು.

ಇಲ್ಲಿ ಗೆಲವು ಎರಡು ಬಗೆಯದು. ಮೊದಲು ಗುರಿ ಮುಟ್ಟಿದ ನೌಕೆಗೆ ಒಂದು ಗೌರವ. ಅದು ಸಾಮಾನ್ಯವಾಗಿ ದೊಡ್ಡ ನೌಕೆಗಳ ಪಾಲು. ಪ್ರತಿ ನೌಕೆಯ ಉದ್ದ, ತೂಕ, ಹಾಯಿಯ ವಿಸ್ತಾರ ಮುಂತಾದುವನ್ನು ಅಳೆದು ಒಂದು ಗುಣಾಂಕವನ್ನು ನಿಗದಿಮಾಡಿ, ಅದು ತೆಗೆದುಕೊಂಡ ಕಾಲವನ್ನು ಆ ಗುಣಾಂಕದಿಂದ ಗುಣಿಸಿ ನಿರ್ಣಯಿಸುವುದು ಎರಡನೆಯದು. ಟ್ಯಾಟರ್ಸಾಲ್ ಕಪ್ ಸಲ್ಲುವುದು ಈ ಎರಡನೆಯ ಗೆಲವಿಗೇ. ಸಿರಿವಂತನ ನೂರು ಅಡಿಯ ನೌಕೆಗೂ ಸಾಮಾನ್ಯನ ಮೂವತ್ತೈದು ಅಡಿಯ ನೌಕೆಗೂ ಒಂದೇ ತಕ್ಕಡಿ ಹಿಡಿಯುವ ಈ ಏರ್ಪಾಡು ಮೆಚ್ಚತಕ್ಕದ್ದು. 'ರಾಣಿ' ಎರಡನ್ನೂ ಪಡೆದಿತ್ತು.

ವೇಗದ ದಾಖಲೆಗಳು ಕ್ರಮೇಣ ಕಿರಿದಾದವು. 1975ರಲ್ಲಿ 'ಕಯಲೋವ 3' ಮಾಡಿದ ದಾಖಲೆ 21 ವರ್ಷ ಉಳಿಯಿತು. 2017ರಲ್ಲಿ 'ಕೊಮಾಂಚಿ' 1 ದಿನ 9 ಗಂಟೆ 15 ನಿಮಿಷ 24 ಸೆಕೆಂಡುಗಳಲ್ಲಿ ಪೂರೈಸಿತು. ಆ ವರ್ಷ ವಾಸ್ತವವಾಗಿ ಮೊದಲು ಮುಟ್ಟಿದ್ದು 'ವೈಲ್ಡ್ ಓಟ್ಸ್ 11'. ಎಡಬದಿಗೆ ಗಾಳಿ ಪಡೆದ ನೌಕೆ ಬಲಬದಿಗೆ ಗಾಳಿ ಪಡೆದ ನೌಕೆಗೆ ದಾರಿ ಬಿಡತಕ್ಕದ್ದೆಂಬುದು ಕಡಲಿನ ಹಳೆಯ ನಿಯಮ. ಸಿಡ್ನಿ ಬಂದರಿನಲ್ಲಿಯೇ ಅದನ್ನು ಮೀರಿದುದಕ್ಕಾಗಿ ತೀರ್ಪುಗಾರರು ಅದಕ್ಕೆ ಒಂದು ಗಂಟೆಯ ದಂಡ ವಿಧಿಸಿದುದರಿಂದ ಗೆಲವು ಕೈತಪ್ಪಿತು.

ಸ್ಪರ್ಧೆಯ ಇತಿಹಾಸದಲ್ಲಿ ಅತ್ಯಂತ ಶೋಚನೀಯವಾದುದು 1998ನೆಯ ವರ್ಷ. ಆ ಡಿಸೆಂಬರ್ 26ರ ಮಧ್ಯಾಹ್ನ ಒಂದು ಗಂಟೆಗೆ 115 ನೌಕೆಗಳು ಹೊರಟವು. ಹವಾಮಾನ ಇಲಾಖೆಯು ತೀವ್ರ ಚಂಡಮಾರುತದ ಎಚ್ಚರಿಕೆಯನ್ನು ಹೊರಡಿಸಿದ್ದು ಅದಾಗಿ ಒಂದು ಗಂಟೆಗೂ ಮಿಕ್ಕಿದ ಮೇಲೆ. ಮರುದಿನ ಬಾಸ್ ಜಲಸಂಧಿಯಲ್ಲಿ ಕೂವೆಮರಗಳು ಮುರಿದವು, ನೌಕೆಗಳು ಬುಡಮೇಲಾದವು. ಐದು ನೌಕೆಗಳು ಮುಳುಗಿದವು. ಆರು ಮಂದಿ ಅಸುನೀಗಿದರು. ಹೆಲಿಕಾಪ್ಟರುಗಳೂ ಹಡಗುಗಳೂ 55 ಜನರನ್ನು ಉಳಿಸಿದವು. ಹೋಬಾರ್ಟನ್ನು ಸೇರಿದವು 44 ಮಾತ್ರ.

ಮುಳುಗಿದವುಗಳಲ್ಲಿ 'ವಿನ್‌ಸ್ಟನ್ ಚರ್ಚಿಲ್' ಎಂಬುದೂ ಒಂದು. ಹೋಬಾರ್ಟಿನಲ್ಲಿಯೇ ನಿರ್ಮಾಣವಾಗಿ 1942ರಲ್ಲಿ ನೀರಿಗಿಳಿದ ಮರದ ನೌಕೆ ಅದು. 1945ರ ಆ ಒಂಬತ್ತರಲ್ಲಿ ತಾನೂ ಒಂದಾಗಿ 'ರಾಣಿ'ಯೊಡನೆ ಹೊರಟಿದ್ದುದು. ಅರ್ಧ ಶತಮಾನಕ್ಕೂ ಮೀರಿ ಬಾಳಿದ ಅದರ ಒಡಲಿಗೆ ಅಲೆಯೊಂದರ ಹೊಡೆತದಿಂದ ನೀರು ನುಗ್ಗಿತು. ಒಂಬತ್ತು ಮಂದಿ ಎರಡು ರಬ್ಬರಿನ ತೆಪ್ಪಗಳಿಗೆ ಇಳಿದರು. ರಾತ್ರಿ ಒಂದು ತೆಪ್ಪವನ್ನು ಅಲೆಗಳು ಮಗುಚಿಹಾಕಲು ಅದರಲ್ಲಿದ್ದ ಐವರಲ್ಲಿ ಮೂವರು ಕಡಲುಪಾಲಾದರು.

ಅಪಮೃತ್ಯು ವಿಚಾರಣಾಧಿಕಾರಿಗಳ ತೀರ್ಮಾನ 2000ದ ಡಿಸೆಂಬರಿನಲ್ಲಿ ಪ್ರಕಟವಾಯಿತು. ಸ್ಪರ್ಧೆಯ ನಿರ್ವಾಹಕರೂ ಹವಾಮಾನ ಇಲಾಖೆಯೂ ಟೀಕೆಗೆ ಪಾತ್ರರಾದರು. ಮುನ್ಸೂಚನೆಯಲ್ಲಿ ಹೇಳುವ ಗಾಳಿಯ ವೇಗ ಸರಾಸರಿಯದೆಂಬುದೂ, ಬೀಸು ಅದಕ್ಕಿಂತ ಶೇಕಡಾ 40ರಷ್ಟು ಹೆಚ್ಚಬಹುದೆಂಬುದೂ ಅನೇಕರ ಗಮನದಲ್ಲಿರಲಿಲ್ಲ. ಒಂದು ಸಂಖ್ಯೆಯ ಅರ್ಥವನ್ನು ಹೇಳುವವರೊಂದು ಬಗೆಯಾಗಿ, ಕೇಳುವವರು ಇನ್ನೊಂದು ಬಗೆಯಾಗಿ ಗ್ರಹಿಸಿದ್ದರು. ಅಂದಿನಿಂದ ಗರಿಷ್ಠ ಬೀಸನ್ನೂ ಅಲೆಗಳ ಗರಿಷ್ಠ ಎತ್ತರವನ್ನೂ ಮುನ್ಸೂಚನೆಯಲ್ಲಿ ಸೇರಿಸಬೇಕೆಂದಾಯಿತು. ಸ್ಪರ್ಧಿಗಳ ಕನಿಷ್ಠ ವಯಸ್ಸು 18 ಎಂದಾಯಿತು. ಪ್ರತಿ ನೌಕೆಯಲ್ಲಿಯೂ ಅರ್ಧದಷ್ಟಾದರೂ ಜನ ಕಡಲಿನಲ್ಲಿ ಬದುಕುಳಿಯುವ ತರಬೇತಿ ಪಡೆದಿರಬೇಕೆಂದಾಯಿತು.

ಇವೆಲ್ಲಕ್ಕಿಂತ ಮುಖ್ಯವಾದುದು ಗ್ರೀನ್ ಕೇಪ್ ಭೂಶಿರದ ನಿಯಮ. ಜಲಸಂಧಿಗೆ ಮುಂಚೆ ಸಿಗುವ ಕಟ್ಟಕಡೆಯ ಆಶ್ರಯ ಈಡನ್ ಬಂದರು. ಅದರ ದಕ್ಷಿಣಕ್ಕಿರುವ ಈ ಭೂಶಿರವನ್ನು ಹಾಯುವಾಗ ಪ್ರತಿ ನೌಕಾನಾಯಕನೂ ತನ್ನ ನೌಕೆ, ತನ್ನ ಜನ, ತನ್ನ ಉಪಕರಣಗಳು ಮುಂದುವರಿಯಲು ಯೋಗ್ಯವಾಗಿವೆಯೆಂದು ರೇಡಿಯೋ ಮೂಲಕ ಘೋಷಿಸತಕ್ಕದ್ದು. ಮುಂದುವರಿಯುವ ಹೊಣೆ ನೌಕೆಯದೇ ಎಂಬುದು ಮೊದಲಿನಿಂದಲೂ ಇದ್ದ ನಿಯಮವೇ ಸರಿ. ಆದರೆ ಹಿಂದೆ ಏನೂ ಹೇಳದೆ ಮುಂದೆ ಹೋಗಬಹುದಾಗಿತ್ತು. ಈಗ ಬಾಯಿಬಿಟ್ಟು ಹೇಳಿಯೇ ಹೋಗಬೇಕು. ಹಿಂದಿರುಗಬೇಕೆನ್ನುವವನಿಗೂ ಇದರಿಂದ ಒಂದು ಮರ್ಯಾದೆಯ ಬಾಗಿಲು ತೆರೆದಂತಾಯಿತು.

ಯಾವುದು ವಿವೇಕ, ಯಾವುದು ಹಟ ಎಂಬುದನ್ನು ನಿಯಮವೊಂದೇ ತೀರ್ಮಾನಿಸಲಾರದೆಂಬುದೂ ನಿಜ. 1998ರಲ್ಲಿಯೇ 'ಮಿಡ್‌ನೈಟ್ ರ‍್ಯಾಂಬ್ಲರ್' ಎಂಬ 35 ಅಡಿಯ ಪುಟ್ಟ ನೌಕೆ ಆ ಚಂಡಮಾರುತದ ನಡುವೆಯೇ ಸಾಗಿ ಟ್ಯಾಟರ್ಸಾಲ್ ಕಪ್ಪನ್ನು ಗೆದ್ದಿತ್ತು. 2004ರಲ್ಲಿ ಮತ್ತೆ ಬಿರುಗಾಳಿ ಎದ್ದಾಗ 116 ನೌಕೆಗಳ ಪೈಕಿ 59 ಮಾತ್ರ ಹೋಬಾರ್ಟನ್ನು ಸೇರಿದವು. ಆ ಸಲ ಯಾರೂ ಸಾಯಲಿಲ್ಲ. 2020ರಲ್ಲಿ ಸಾಂಕ್ರಾಮಿಕ ರೋಗದ ಕಾರಣ ಸ್ಪರ್ಧೆಯು ಮೊಟ್ಟಮೊದಲ ಬಾರಿಗೆ ರದ್ದಾಯಿತು.

2024ರಲ್ಲಿ ಮೊದಲ ರಾತ್ರಿಯೇ ಎರಡು ಬೇರೆ ಬೇರೆ ನೌಕೆಗಳಲ್ಲಿ ಒಬ್ಬೊಬ್ಬರು ತೀರಿಕೊಂಡರು. ಹಾಯಿಯ ಅಡಿಯನ್ನು ಹಿಡಿದಿಡುವ, ಬೂಮ್ ಎಂದು ಕರೆಯುವ ಅಡ್ಡದಿಮ್ಮಿಯು ಗಾಳಿಗೆ ಥಟ್ಟನೆ ತಿರುಗಿದಾಗ ಈ ಅವಘಡಗಳು ಸಂಭವಿಸಿದವು. ಆ ಎರಡು ನೌಕೆಗಳೂ ಸ್ಪರ್ಧೆಯಿಂದ ಹಿಂದೆ ಸರಿದವು. ಸ್ಪರ್ಧೆಯಲ್ಲಿ ಮುಂದುವರಿದ ನೌಕೆಗಳು ಗ್ರೀನ್ ಕೇಪಿನಲ್ಲಿ ತಮ್ಮ ತಮ್ಮ ಘೋಷಣೆಯನ್ನು ಸಲ್ಲಿಸಿ ದಕ್ಷಿಣಕ್ಕೆ ನಡೆದವು.