ಬ್ರೆಸಿಲಿಯಾದ ಒಂದು ವ್ಯಾಕರಣದ ಮಧ್ಯಾಹ್ನ

ಸೆಪ್ಟೆಂಬರ್ ಕೊನೆ. ಬ್ರೆಜಿಲಿನ ರಾಜಧಾನಿ ಬ್ರೆಸಿಲಿಯಾದಲ್ಲಿ ಮಳೆ ಬಿದ್ದು ತಿಂಗಳುಗಳೇ ಆಗಿವೆ. ಕೆಮ್ಮಣ್ಣಿನ ದೂಳು ಮಕ್ಕಳ ಬೂಟುಗಳನ್ನೂ ತರಗತಿಯ ಕಿಟಕಿಗಳನ್ನೂ ಒಂದೇ ಬಣ್ಣಕ್ಕೆ ತಂದಿದೆ. ಹೊರಗಿನ ಮರಗಳಲ್ಲಿ ಜೀರುಂಡೆಗಳು ಕಿವಿ ಗಡಚಿಕ್ಕುವಂತೆ ಕೂಗುತ್ತಿವೆ. ಸರ್ಕಾರಿ ಶಾಲೆಯ ಮಧ್ಯಾಹ್ನದ ಪಾಳಿ, ಏಳನೇ ತರಗತಿ. ಒಣಹವೆಗೆ ಅಂಜಿ ಡೆಸ್ಕಿಗೊಂದು ನೀರಿನ ಬಾಟಲಿ, ಪಕ್ಕದಲ್ಲಿ ಪೋರ್ಚುಗೀಸ್ ನೋಟ್‌ಬುಕ್ಕು.

ಹಲಗೆಯ ಮೇಲೆ ಉದ್ದಕ್ಕೆ ಎರಡು ಗೆರೆ, ಮೂರು ಮನೆ: ಇನ್ಫಿನಿಚೀವು, ಜೆರೂಂಜಿಯು, ಪರ್ಚಿಸೀಪಿಯು. ನಮ್ಮಲ್ಲಿ ಕೃದಂತಗಳು ಮಾಡುವ ಕೆಲಸವನ್ನು ಅಲ್ಲಿ ಇವು ಮಾಡುತ್ತವೆ. ಮಾತಾಡಲು, ಮಾತಾಡುತ್ತಾ, ಮಾತಾಡಿದ ಎಂಬಂತೆ.

‘ಫಲಾರ್’ (ಮಾತಾಡುವುದು) ಎನ್ನುತ್ತಾರೆ ಟೀಚರ್. ‘ಫಲಾಂದು! ಫಲಾದು!’ ಎಂದು ಇಡೀ ತರಗತಿ. ‘ಕೊಮೇರ್?’ ತಿನ್ನುವ ಮಾತು ಬಂದದ್ದೇ ದನಿ ಇನ್ನಷ್ಟು ಏರುತ್ತದೆ: ‘ಕೊಮೇಂದು! ಕೊಮೀದು!’ ಮುಂದಿನದು ‘ಫಝೇರ್’, ಮಾಡುವುದು. ‘ಫಝೇಂದು’ ಸಲೀಸಾಗಿ ಬರುತ್ತದೆ. ಆಮೇಲೆ ಹಿಂದಿನ ಸಾಲಿನಿಂದ ‘ಫಝೀದು!’ ತರಗತಿ ನಗುತ್ತದೆ. ಟೀಚರ್ ನಗುವುದಿಲ್ಲ. ‘ಅದು ಹೇಗೆ ಬಂತು, ಹೇಳು.’

‘ಕೊಮೇರ್ ಕೊಮೀದು ಆಗುತ್ತೆ. ಹಾಗಾದ್ರೆ ಫಝೇರ್ ಫಝೀದು ಆಗ್ಬೇಕಲ್ವಾ, ಪ್ರೊಫೆಸೋರಾ?’

ಹುಡುಗನ ಲೆಕ್ಕ ಸರಿ, ಪದವೇ ಲೆಕ್ಕಕ್ಕೆ ಸಿಗುವುದಿಲ್ಲ. ಸರಿಯಾದ ರೂಪ ‘ಫೇಯ್ತು’, ಲ್ಯಾಟಿನ್ನಿನಿಂದ ಸವೆದು ಬಂದದ್ದು. ಹೇಳಿದ, ನೋಡಿದ, ಬರೆದ, ತೆರೆದ ಎಂಬ ಅರ್ಥದ ಪದಗಳದ್ದೂ ಇದೇ ಹಟ. ದಿನವೂ ಬಾಯಲ್ಲಿ ಆಡುವ ಪದಗಳೇ ಹಳೆಯ ರೂಪವನ್ನು ಬಿಡದೆ ಉಳಿಸಿಕೊಳ್ಳುತ್ತವೆ. ಇನ್ನೊಬ್ಬಳ ಪುಸ್ತಕದಲ್ಲಿ ತಪ್ಪು ತಿರುಗಾಮುರುಗಾ. ‘ಪಗಾರ್’, ಅಂದರೆ ಪಾವತಿಸುವುದು, ಅದಕ್ಕೆ ‘ಪಗಾದು’ ಮತ್ತು ‘ಪಾಗು’ ಎರಡೂ ಉಂಟು. ಅದನ್ನು ನಂಬಿ ‘ಶೆಗಾದು’ (ತಲುಪಿದ) ಇರಬೇಕಾದಲ್ಲಿ ‘ಶೇಗು’ ಎಂದು ಬರೆದಿದ್ದಾಳೆ. ದೊಡ್ಡವರೂ ಹೀಗೆ ಆಡುತ್ತಾರೆ. ಎರಡೂ ತಪ್ಪುಗಳಲ್ಲಿ ಮಗು ಯೋಚಿಸಿದ ಗುರುತಿದೆ. ಆ ಯೋಚನೆಯನ್ನು ಮೊದಲು ಒಪ್ಪಿಕೊಂಡು ಆಮೇಲೆ ತಿದ್ದುವುದೇ ಒಳ್ಳೆಯ ಅಭ್ಯಾಸದ ಪಾಠ.

ಇದೇ ಊರಿನಲ್ಲಿ ಜೆರೂಂಜಿಯುವನ್ನು ಆಜ್ಞೆಯಿಂದ ತಿದ್ದಲು ಹೊರಟವರಿದ್ದರು. 2007ರ ಸೆಪ್ಟೆಂಬರಿನಲ್ಲಿ ರಾಜಧಾನಿ ಜಿಲ್ಲೆಯ ಗವರ್ನರ್ ಜೋಸೆ ರೊಬೆರ್ಟೊ ಅರುಡಾ ಸರ್ಕಾರಿ ಕಚೇರಿಗಳಿಂದ ಅದನ್ನು ವಜಾ ಮಾಡಿ ಆದೇಶ ಹೊರಡಿಸಿದರು. ‘ಮಾಡುತ್ತಿದ್ದೇವೆ, ನೋಡುತ್ತಿದ್ದೇವೆ’ ಎಂಬ ನೆಪಗಳ ಮೇಲಿನ ಸಿಟ್ಟು ಅದು. ಕಾಲ್ ಸೆಂಟರಿನವರ ‘ವೋ ಎಸ್ತಾರ್ ಟ್ರಾನ್ಸ್‌ಫೆರಿಂದು’, ಅಂದರೆ ‘ವರ್ಗಾಯಿಸುತ್ತಾ ಇರಲಿದ್ದೇನೆ’ ಎಂಬ ಎಳೆದಾಟಕ್ಕೂ ಬ್ರೆಜಿಲಿನಲ್ಲಿ ಬೈಗುಳ ತಪ್ಪಿದ್ದಲ್ಲ. ತಪ್ಪು ವ್ಯಾಕರಣದ್ದಲ್ಲ, ಬಳಸಿದವರದ್ದು. ‘ಮಾತಾಡುತ್ತಿದ್ದೇನೆ’ ಎನ್ನಲು ಪೋರ್ಚುಗಲ್ಲಿನ ಬಹುಪಾಲು ಜನ ‘ಎಸ್ತೋ ಆ ಫಲಾರ್’ ಎನ್ನುವಲ್ಲಿ ಬ್ರೆಜಿಲಿನವರು ‘ಎಸ್ತೋ ಫಲಾಂದು’ ಎನ್ನುತ್ತಾರೆ. ಈ ಮಕ್ಕಳು ಮಾತು ಕಲಿತದ್ದೇ ಆ ರೂಪದಲ್ಲಿ. ಅದನ್ನು ಕಿತ್ತರೆ ಅವರಿಗೆ ಸದ್ಯದ ಕ್ಷಣವನ್ನು ಹೇಳಲು ನಾಲಿಗೆ ಹೊರಳದು.

ಕೊನೆಯ ಹತ್ತು ನಿಮಿಷ ವಾಕ್ಯ ರಚನೆ. ಮೂರೂ ರೂಪಗಳು ಬರಬೇಕು, ವಿಷಯ ಅವರಿಷ್ಟದ್ದು. ಒಬ್ಬ ಫುಟ್‌ಬಾಲ್ ಬಗ್ಗೆ, ಒಬ್ಬಳು ಅಜ್ಜಿಯ ಅಡುಗೆಯ ಬಗ್ಗೆ ಬರೆಯುತ್ತಾಳೆ. ‘ಫಝೀದು’ ಎಂದ ಹುಡುಗ ಈಗ ‘ಫೇಯ್ತು’ ಬರೆದು, ಅಡಿಗೆರೆ ಎಳೆದು, ಕೈ ಎತ್ತುತ್ತಾನೆ. ಯಾವ ರೂಪ ಎಲ್ಲಿ ಬೇಕೆಂದು ಆರಿಸಿಕೊಳ್ಳುವ ಈ ಶಕ್ತಿಯನ್ನು ಯಾವ ಆದೇಶವೂ ಕೊಡಲಾರದು. ತಪ್ಪಿಗೆ ಅಂಜದೆ ದಿನದಿನವೂ ಆಡಿ, ಬರೆದು, ತಿದ್ದಿಕೊಳ್ಳುವ ತರಗತಿ ಮಾತ್ರ ಕೊಡಬಲ್ಲದು.